ಆಪ್ತಸಲಹೆ ಪ್ರಕರಣ: ಆಕ್ಚುವರಿ ಪರೀಕ್ಷೆಯೋ, ಡೇಟಾ ಸೈನ್ಸ್ ಕೆಲಸವೋ?

(ಗುರುತು ಸಿಗದಂತೆ ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ.)

ಸುಮಾಗೆ 29 ವರ್ಷ, ದಾವಣಗೆರೆ ಕಡೆಯವರು. ಬೆಂಗಳೂರಿನ ಸಾಮಾನ್ಯ ವಿಮಾ (ಜೀವ ವಿಮೆಯಲ್ಲದ) ಕಂಪನಿಯೊಂದರ ರಿಸರ್ವಿಂಗ್ ತಂಡದಲ್ಲಿದ್ದಾರೆ. ಮೋಟಾರು ಥರ್ಡ್ ಪಾರ್ಟಿ ಕ್ಲೇಮುಗಳಿಗೆ, ಅಂದರೆ ವಾಹನದಿಂದ ಬೇರೆಯವರಿಗೆ ಹಾನಿಯಾದಾಗ ಕೊಡಬೇಕಾದ ಪರಿಹಾರಕ್ಕೆ, ಎಷ್ಟು ಹಣ ತೆಗೆದಿಡಬೇಕೆಂದು ಲೆಕ್ಕ ಹಾಕುವುದು ಇವರ ಕೆಲಸ. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾ ಆಕ್ಚುವರಿಗಳಿಗೆ, ಅಂದರೆ ವಿಮೆಯ ನಷ್ಟಸಂಭವ ಲೆಕ್ಕ ಹಾಕುವ ತಜ್ಞರಿಗೆ, ನಡೆಸುವ ಪರೀಕ್ಷೆಗಳಲ್ಲಿ ಕೋರ್ (ಮೂಲ) ಪತ್ರಿಕೆಗಳು ಮುಗಿದಿವೆ. ಎಸ್‌ಪಿ7 (ರಿಸರ್ವಿಂಗ್ ಕುರಿತ ಮುಂದಿನ ಹಂತದ ಪತ್ರಿಕೆ) ಎರಡು ಸಲ ಕೈಕೊಟ್ಟಿದೆ; ಅದೇ ಸಾಲಿನ ಎಸ್‌ಪಿ8, ಎಸ್‌ಎ3 ಮುಟ್ಟಿಯೇ ಇಲ್ಲ. ಈ ನಡುವೆ ಸ್ಟಾರ್ಟಪ್ ಒಂದು ಹೆಚ್ಚಿನ ಸಂಬಳಕ್ಕೆ ಡೇಟಾ ಸೈಂಟಿಸ್ಟ್ ಆಗಿ ಕರೆದಿದೆ.

"ಜೊತೇಲಿ ಓದಿದೋರು ಆರು ತಿಂಗಳ ಕೋರ್ಸ್ ಮಾಡಿ ನನ್ನನ್ನ ದಾಟಿ ಹೋದ್ರು ಮೇಡಂ. ನಾನಿನ್ನೂ ಹಾಲ್‌ಟಿಕೆಟ್ ಹಿಡ್ಕೊಂಡು ಓಡಾಡ್ತಿದೀನಿ. ಅಪ್ಪ ಫೋನ್ ಮಾಡಿದಾಗೆಲ್ಲ 'ಇನ್ನೆಷ್ಟು ಪೇಪರ್ ಅದಾವವ್ವ' ಅಂತಾರೆ."

ಸಂಬಳದ ಮಾತು ಬದಿಗಿಟ್ಟು, ಆಫೀಸಿನಲ್ಲಿ ಇತ್ತೀಚೆಗೆ ಮನಸ್ಸಿಟ್ಟು ಮಾಡಿದ ಕೆಲಸ ಯಾವುದು ಎಂದು ಕೇಳಿದೆ. ದನಿಯೇ ಬದಲಾಯಿತು. ಕಂಪನಿಯಲ್ಲಿ ಪರಿಹಾರದ ಮೊತ್ತ ಅಂದಾಜಿಸುವ ಮಷೀನ್ ಲರ್ನಿಂಗ್ ಮಾಡೆಲ್ ತಯಾರಾಗಿತ್ತಂತೆ. ಅದಕ್ಕೆ ಉಣಿಸಿದ್ದು ಹಳೆಯ ತೀರ್ಪುಗಳನ್ನು. ಆದರೆ 2017ರ ಅಕ್ಟೋಬರ್‌ನಲ್ಲಿ ಪ್ರಣಯ್ ಸೇಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮೃತರು ಸ್ವಂತ ದುಡಿಮೆಯವರಾದರೂ ಭವಿಷ್ಯದ ಗಳಿಕೆ ಸೇರಿಸಬೇಕು, 40 ವರ್ಷದೊಳಗಿನವರಿಗೆ ಆದಾಯದ ಶೇ 40ರಷ್ಟು, ಎಂದು ನಿಗದಿ ಮಾಡಿತು. ಮತ್ತೆ 2022ರ ಏಪ್ರಿಲ್ 1ರಿಂದ, ಪರಿಹಾರದ ಅರ್ಜಿಗೆ ಅಪಘಾತವಾದ ಆರು ತಿಂಗಳ ಗಡುವು ಜಾರಿಗೆ ಬಂತು. ಈ ಎರಡು ತಾರೀಕುಗಳು ಮಾಡೆಲ್‌ಗೆ ಗೊತ್ತಿಲ್ಲ, ಹಿಂದಿನ ವರ್ಷಗಳ ಕ್ಲೇಮು ಬೆಳೆದ ರೀತಿ ನೋಡಿ ಮುಂದಿನದನ್ನು ಅಂದಾಜಿಸುವ ಹಳೆಯ ಚೈನ್ ಲ್ಯಾಡರ್ ಲೆಕ್ಕಕ್ಕೂ ಗೊತ್ತಿಲ್ಲ ಎಂದು ಹಿಡಿದು ತೋರಿಸಿದ್ದು ಸುಮಾ. ಇದನ್ನು ಆಕೆ ಸಾಧನೆ ಎಂದೇ ಎಣಿಸಿರಲಿಲ್ಲ. ಪರೀಕ್ಷೆಯಲ್ಲಿ ಬಿದ್ದವರು ಬಹಳ ಸಲ ಹೀಗೆಯೇ, ಅಂಕಪಟ್ಟಿಯಲ್ಲಿ ಕಾಣದ್ದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಇದೋ ಅದೋ ಎಂದು ಹರಿದುಕೊಳ್ಳಬೇಡಿ. ಸಿಎಸ್1, ಸಿಎಸ್2 ಎಂಬ ಸಂಖ್ಯಾಶಾಸ್ತ್ರದ ಕೋರ್ ಪತ್ರಿಕೆಗಳಲ್ಲೇ ಆರ್ ಭಾಷೆಯಲ್ಲಿ ಕೋಡ್ ಬರೆದು ಪಾಸಾದವರು ನೀವು, ಡೇಟಾ ಸೈನ್ಸ್ ನಿಮಗೆ ಪರಕೀಯವಲ್ಲ. ಸ್ಟಾರ್ಟಪ್‌ನವರನ್ನು ನೇರವಾಗಿ ಕೇಳಿ: ಕ್ಲೇಮಿನ ಡೇಟಾ ಕೈಗೆ ಸಿಗುತ್ತದೆಯೇ, ತಂಡದಲ್ಲಿ ಆಕ್ಚುವರಿ ಇದ್ದಾರೆಯೇ, ಪರೀಕ್ಷೆಗೆ ರಜೆ ಉಂಟೇ? ಬರೀ ಜಾಹೀರಾತಿನ ಕ್ಲಿಕ್ ಎಣಿಸುವ ಕೆಲಸವಾದರೆ, ನನ್ನ ಮಟ್ಟಿಗೆ, ಸಂಬಳ ಹೆಚ್ಚಿದ್ದರೂ ಬೇಡ. ಎಸ್‌ಪಿ7ಕ್ಕೆ ಓದಿದ್ದು ಸಾಕು, ಇನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಆಮೇಲೆ ಇನ್‌ಸ್ಟಿಟ್ಯೂಟಿನ ಮಾದರಿ ಉತ್ತರಗಳ ಜೊತೆ ಹೋಲಿಸಿ. ಒಂದು ಸಲಕ್ಕೆ ಒಂದೇ ಪತ್ರಿಕೆ. ಫೆಲೋ ಆಗುವ ಮೊದಲಿನ ಅಸೋಸಿಯೇಟ್ ಮಟ್ಟದಲ್ಲಿ ನಿಂತರೂ ಅವಮಾನವಿಲ್ಲ, ಆದರೆ ಅದು ಗೆಳತಿಯರನ್ನು ನೋಡಿ ತಗೊಂಡ ನಿರ್ಧಾರವಾಗಬಾರದು.

ಸ್ಟಾರ್ಟಪ್‌ನಿಂದ ಮೊದಲ ಎರಡು ಪ್ರಶ್ನೆಗೆ ಉತ್ತರ ಬಂದಿದೆ, ರಜೆಯ ಬಗ್ಗೆ ಬಂದಿಲ್ಲ. ಮುಂದಿನ ಭೇಟಿಗೆ ತಂದೆಯನ್ನೂ ಕರೆತರಲು ಹೇಳಿದ್ದೇನೆ. ಮನೆ ಸಾಲ ಅವರ ಹೆಸರಲ್ಲಿದೆ, ಕಂತು ಕಟ್ಟುವುದು ಮಗಳು. ಎಷ್ಟು ಸಂಬಳ ಬಂದರೆ ಸಾಕು ಎಂಬ ಲೆಕ್ಕ ಇಬ್ಬರೂ ಕೂತು ಮಾಡಬೇಕು.