ಕಾಲೇಜಿನಲ್ಲೇ ಡ್ರಾಫ್ಟ್ ಆದ ಬೇಸ್‌ಬಾಲ್ ಪಿಚರ್ ಮೇಜರ್ ಲೀಗ್ ಮುಟ್ಟೋಕೆ ಅಷ್ಟು ವರ್ಷ ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಅಕ್ಕನ ಮಗ ಅಮೆರಿಕದ ಕಾಲೇಜೊಂದರಲ್ಲಿ ಪಿಚರ್ (ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ), "ಡ್ರಾಫ್ಟ್ ಆದ್ರೆ ಸಾಕು" ಅನ್ನುತ್ತಾನೆ. ಡ್ರಾಫ್ಟ್ ಅಂದರೆ ಮೇಜರ್ ಲೀಗ್‌ನ, ಅಂದರೆ ಅಲ್ಲಿನ ಅತಿ ಮೇಲಿನ ಬೇಸ್‌ಬಾಲ್ ಲೀಗ್‌ನ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು. ಆದರೆ ಡ್ರಾಫ್ಟ್ ಆದವರು ನಾಲ್ಕೈದು ವರ್ಷ ಟೀವಿಯಲ್ಲೇ ಕಾಣೋದಿಲ್ಲ, ಆ ಮಧ್ಯೆ ಏನು ಮಾಡುತ್ತಿರುತ್ತಾರೆ?

ನಾನು ಹಾಸನದವನು, ನ್ಯೂಜೆರ್ಸಿಗೆ ಬಂದು ಬಹಳ ವರ್ಷವಾಯಿತು. ಬೇಸ್‌ಬಾಲ್ ಹಿಡಿಸಿದ್ದು ದೇವಸ್ಥಾನದಿಂದ ಅಂದರೆ ನಗಬೇಡಿ. ನ್ಯೂಯಾರ್ಕಿನ ಫ್ಲಶಿಂಗ್‌ನ ಗಣೇಶನ ಗುಡಿಗೆ ಹೋಗೋದು, ಕೆಳಗಿನ ಕ್ಯಾಂಟೀನ್‌ನಲ್ಲಿ ದೋಸೆ ತಿನ್ನೋದು, ಮೇನ್ ಸ್ಟ್ರೀಟ್‌ನಲ್ಲಿ ಏಳನೇ ನಂಬರ್ ರೈಲು ಹತ್ತೋದು. ಮುಂದಿನ ನಿಲ್ದಾಣವೇ ಮೆಟ್ಸ್ ಬೇಸ್‌ಬಾಲ್ ತಂಡದ ಮೈದಾನ, ಸಿಟಿ ಫೀಲ್ಡ್. ಒಂದು ಸಂಜೆ ಇಳಿದೆ, ಅಂದಿನಿಂದ ಇಳಿಯುತ್ತಲೇ ಇದ್ದೇನೆ. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ಮೆಟ್ಸ್ ಪಿಚರ್ ಒಬ್ಬನ ಕಥೆಯಲ್ಲೇ ಉತ್ತರ ಹೇಳುತ್ತೇನೆ. ಜೇಕಬ್ ಡಿಗ್ರಾಮ್.

ಇವನು ಕಾಲೇಜಿಗೆ ಸೇರಿದಾಗ ಪಿಚರ್ ಆಗಿರಲೇ ಇಲ್ಲ. ಫ್ಲೋರಿಡಾದ ಡಿಲ್ಯಾಂಡ್ ಊರಿನ ಸ್ಟೆಟ್ಸನ್ ಎಂಬ ಸಣ್ಣ ವಿಶ್ವವಿದ್ಯಾಲಯದಲ್ಲಿ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್. ಬ್ಯಾಟಿಂಗ್ ಅಷ್ಟಕ್ಕಷ್ಟೇ. ಆದರೆ ಅಲ್ಲಿಂದ ಮೊದಲನೇ ಬೇಸ್‌ಗೆ ಚೆಂಡು ಎಸೆದರೆ ಬಾಣ. 2010ರಲ್ಲಿ, ಕಾಲೇಜಿನ ಮೂರನೇ ವರ್ಷದಲ್ಲಿ, ಆ ಕೈಯನ್ನು ನೋಡಿ ಮೊದಲು ಕೊನೆಯ ಇನ್ನಿಂಗ್ಸ್ (ಪಂದ್ಯಕ್ಕೆ ತಂಡಕ್ಕೆ ಒಂಬತ್ತು ಇನ್ನಿಂಗ್ಸ್, ಮೂವರು ಔಟಾದರೆ ಒಂದು ಮುಗಿಯಿತು) ಎಸೆಯಲು ಇಳಿಸಿದರು, ಆಮೇಲೆ ಪಂದ್ಯ ಶುರು ಮಾಡುವ ಪಿಚರ್ ಆಗಿ. ನಮ್ಮ ಕುಂಬ್ಳೆ ಮಧ್ಯಮ ವೇಗ ಬಿಟ್ಟು ಲೆಗ್ ಸ್ಪಿನ್ ಹಿಡಿದ ಹಾಗೆ ಅನ್ನೋಣವೆಂದರೆ, ಕುಂಬ್ಳೆ ಆಗಲೇ ಬೌಲರ್. ಇದು ಪಾಯಿಂಟ್‌ನಲ್ಲಿ ನಿಲ್ಲುವವನ ಥ್ರೋ ನೋಡಿ ಹೊಸ ಚೆಂಡು ಕೈಗೆ ಕೊಟ್ಟ ಹಾಗೆ.

ಆ ವರ್ಷ ಸ್ಟೆಟ್ಸನ್ ಎದುರಿಸಿದ ತಂಡಗಳಲ್ಲಿ ಫ್ಲೋರಿಡಾ ಗಲ್ಫ್ ಕೋಸ್ಟ್ ವಿಶ್ವವಿದ್ಯಾಲಯವೂ ಒಂದು. ಅಲ್ಲಿನ ಪಿಚರ್ ಕ್ರಿಸ್ ಸೇಲ್, ಎತ್ತರದ ಕಡ್ಡಿ ಆಸಾಮಿ, ಎಡಗೈ. ಅವನ ಎಸೆತಕ್ಕೆ ಡಿಗ್ರಾಮ್ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ. ಇಬ್ಬರೂ ಅದೇ ಜೂನ್‌ನಲ್ಲಿ ಡ್ರಾಫ್ಟ್ ಆದರು. ಸೇಲ್ 13ನೆಯವನು, ಡಿಗ್ರಾಮ್ ಒಂಬತ್ತನೇ ಸುತ್ತಿನಲ್ಲಿ 272ನೆಯವನು. ಸೇಲ್ ಎರಡೇ ತಿಂಗಳಲ್ಲಿ, ಆಗಸ್ಟ್ 2010ಕ್ಕೆ, ಶಿಕಾಗೊ ವೈಟ್ ಸಾಕ್ಸ್ ಪರ ಮೇಜರ್ ಲೀಗ್‌ನಲ್ಲಿ ಎಸೆಯುತ್ತಿದ್ದ. ಡಿಗ್ರಾಮ್‌ಗೆ ಹಿಡಿದದ್ದು ಸುಮಾರು ನಾಲ್ಕು ವರ್ಷ. ನೀವು ಕೇಳುತ್ತಿರುವುದು ಈ ನಾಲ್ಕು ವರ್ಷದ ಬಗ್ಗೆಯೇ. ಸೇಲ್ ತರಹದವರು ಬೆರಳೆಣಿಕೆ, ಅವರನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಡ್ರಾಫ್ಟ್ ಅಂದರೆ ತಂಡದಲ್ಲಿ ಜಾಗ ಅಲ್ಲ. "ನೀನು ವೃತ್ತಿಪರನಾಗುವುದಾದರೆ ನಮ್ಮ ಜೊತೆಗೇ ಒಪ್ಪಂದ" ಎಂಬ ಹಕ್ಕು ಆ ತಂಡಕ್ಕೆ ಸಿಗುತ್ತದೆ, ಅಷ್ಟೇ. ಸಹಿ ಹಾಕಿದಾಗ ಡಿಗ್ರಾಮ್‌ಗೆ ಸಿಕ್ಕ ಬೋನಸ್ 95,000 ಡಾಲರ್. ದೊಡ್ಡ ಮೊತ್ತ ಅನಿಸಬಹುದು. ಅದರಲ್ಲಿ ತೆರಿಗೆ ಕಳೆದು, ಮುಂದಿನ ನಾಲ್ಕು ವರ್ಷಕ್ಕೆ ಹಂಚಿ ನೋಡಿ. ಮೇಜರ್ ಲೀಗ್‌ಗೆ ಮೆಟ್ಟಿಲಾದ ಕೆಳಗಿನ ಹಂತಗಳಿಗೆ ಮೈನರ್ ಲೀಗ್ ಅನ್ನುತ್ತಾರೆ, ಅಲ್ಲಿನ ಸಂಬಳ ಆಗ ಮನೆ ಬಾಡಿಗೆಗೂ ಸಾಲುತ್ತಿರಲಿಲ್ಲ. ಎಷ್ಟೋ ಹುಡುಗರು ಒಂದೇ ಮನೆಯಲ್ಲಿ ನಾಲ್ಕೈದು ಜನ ಮಲಗಿ, ಸೀಸನ್ ಮುಗಿದ ಮೇಲೆ ಬೇರೆ ಕೆಲಸ ಹುಡುಕುತ್ತಿದ್ದರು. ಆಟಗಾರರ ಸಂಘ ಇವರ ಪರವಾಗಿ ಮೊದಲ ಒಪ್ಪಂದ ಮಾಡಿಕೊಂಡದ್ದು 2023ರಲ್ಲಿ, ಈಗ ಪರವಾಗಿಲ್ಲ. ನಿಮ್ಮ ಅಕ್ಕನಿಗೆ ಇದನ್ನು ಹೇಳಿ, ಅವರ ಚಿಂತೆ ಇದೇ ಇರುತ್ತದೆ.

ಮೆಟ್ಸ್ ಅವನನ್ನು ಕಳಿಸಿದ್ದು ಟೆನೆಸಿಯ ಕಿಂಗ್ಸ್‌ಪೋರ್ಟ್ ಎಂಬ ಊರಿಗೆ, ತೀರಾ ಕೆಳಗಿನ ಮೆಟ್ಟಿಲುಗಳಲ್ಲಿ ಒಂದು. ಆರು ಪಂದ್ಯ ಆಡಿದ, ಮೊಣಕೈ ಹೋಯಿತು. ಒಳಗಿನ ಕಟ್ಟು, ಲಿಗಮೆಂಟ್ ಅಂತಾರಲ್ಲ, ಹರಿದಿತ್ತು. ವರ್ಷಗಟ್ಟಲೆ ಆಗೊಮ್ಮೆ ಈಗೊಮ್ಮೆ ಥ್ರೋ ಮಾಡಿದ ಕೈಗೆ ದಿಢೀರನೆ ಒಂದೇ ಪಂದ್ಯದಲ್ಲಿ ಹತ್ತಾರು ಎಸೆತ ಬಿದ್ದರೆ ಇನ್ನೇನಾಗುತ್ತದೆ ಅಂತ ನನ್ನ ಲೆಕ್ಕ. ವೈದ್ಯರು ಒಪ್ಪಬೇಕೆಂದೇನಿಲ್ಲ.

ಇದಕ್ಕೆ ಮಾಡುವ ಆಪರೇಷನ್‌ಗೆ ಟಾಮಿ ಜಾನ್ ಎಂದು ಹೆಸರು. ಟಾಮಿ ಜಾನ್ ವೈದ್ಯನಲ್ಲ, ರೋಗಿ. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಆ ಹೆಸರಿನ ಪಿಚರ್‌ಗೆ. ಒಂದು ಕೆಲಸ ಮಾಡಿ: ಅಂಗೈ ಮೇಲೆ ಮಾಡಿ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ. ಮಣಿಕಟ್ಟಿನ ನಡುವೆ ಒಂದು ಹುರಿ ಎದ್ದು ಕಾಣುತ್ತದಲ್ಲ? ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದಿದ್ದರೂ ನಷ್ಟವಿಲ್ಲ. ಸಾಮಾನ್ಯವಾಗಿ ಆ ಹುರಿಯನ್ನು ತೆಗೆದು, ಮೊಣಕೈಯ ಎರಡು ಮೂಳೆಗಳಿಗೆ ತೂತು ಕೊರೆದು, ಅದರಲ್ಲಿ ಪೋಣಿಸಿ ಬಿಗಿಯುತ್ತಾರೆ. ಗೋಣಿಚೀಲದ ಬಾಯಿ ದಬ್ಬಣದಲ್ಲಿ ಹೊಲಿದ ಹಾಗೆ. ಹುರಿ ನಿಧಾನವಾಗಿ ಲಿಗಮೆಂಟಿನ ಕೆಲಸ ಕಲಿಯುತ್ತದೆ. ಪೂರ್ತಿ ವಾಸಿಯಾಗಲು ವರ್ಷ, ವರ್ಷಕ್ಕೂ ಮೇಲೆ. ಡಿಗ್ರಾಮ್‌ಗೆ ಅಕ್ಟೋಬರ್ 2010ರಲ್ಲಿ ಆಯಿತು. 2011ರಲ್ಲಿ ಒಂದು ಪಂದ್ಯವೂ ಇಲ್ಲ.

ನನ್ನ ಪ್ರಕಾರ ಅವನು ಪಿಚರ್ ಆದದ್ದು ಆ ಖಾಲಿ ವರ್ಷದಲ್ಲಿ. ಫ್ಲೋರಿಡಾದ ಪೋರ್ಟ್ ಸೇಂಟ್ ಲೂಸಿಯಲ್ಲಿ ಮೆಟ್ಸ್ ತಂಡದ ತರಬೇತಿ ಕೇಂದ್ರವಿದೆ. ಗಾಯಗೊಂಡವರೆಲ್ಲ ಅಲ್ಲೇ. ಅದೇ ಹೊತ್ತಿಗೆ ಭುಜದ ಆಪರೇಷನ್ ಮಾಡಿಸಿಕೊಂಡ ಯೋಹಾನ್ ಸಂಟಾನಾ ಕೂಡ ಅಲ್ಲಿದ್ದ. ಎರಡು ಸಲ ಸೈ ಯಂಗ್ ಪ್ರಶಸ್ತಿ ಗೆದ್ದವನು, ಅಂದರೆ ಆ ವರ್ಷದ ಅತ್ಯುತ್ತಮ ಪಿಚರ್ ಎಂಬ ಗೌರವ. ಸಂಟಾನಾನ ಹೆಸರು ನಿಂತಿದ್ದೇ ಚೇಂಜಪ್ ಎಸೆತದ ಮೇಲೆ. ಕೈ ಬೀಸುವ ವೇಗ ಫಾಸ್ಟ್‌ಬಾಲ್‌ನದೇ, ಚೆಂಡು ಮಾತ್ರ ನಿಧಾನ. ಜಹೀರ್ ಖಾನ್ ಬೆರಳು ಮಡಚಿ ಬಿಡುತ್ತಿದ್ದ ನಿಧಾನದ ಚೆಂಡು ನೆನಪಿದೆಯಾ? ಗುಟ್ಟು ಅದೇ, ಬ್ಯಾಟ್ ಮುಂಚೆ ಬಂದುಬಿಡಬೇಕು. ಒಂಬತ್ತನೇ ಸುತ್ತಿನ ಹುಡುಗ ಅದನ್ನು ಅವನಿಂದಲೇ ಕೇಳಿ ಕಲಿತ. ಕೈ ಸರಿಯಿದ್ದಿದ್ದರೆ ಇವನು ಯಾವುದೋ ಊರಿನ ಬಸ್ಸಿನಲ್ಲಿ, ಅವನು ನ್ಯೂಯಾರ್ಕಿನಲ್ಲಿ. ಒಬ್ಬರ ಮುಖ ಒಬ್ಬರು ನೋಡುತ್ತಲೇ ಇರಲಿಲ್ಲ.

ಆಮೇಲಿನದು ಮೆಟ್ಟಿಲು ಹತ್ತುವ ಕೆಲಸ. 2012ರಲ್ಲಿ ಸವಾನಾ, ನಂತರ ಸೇಂಟ್ ಲೂಸಿ, 2013ರಲ್ಲಿ ಬಿಂಗ್‌ಹ್ಯಾಮ್ಟನ್, ಲಾಸ್ ವೇಗಸ್, ಎಲ್ಲವೂ ಮೈನರ್ ಲೀಗ್ ತಂಡಗಳ ಊರು. ಪ್ರತಿ ಮೆಟ್ಟಿಲಲ್ಲೂ ಬ್ಯಾಟ್ಸ್‌ಮನ್‌ಗಳು ಒಂದು ಕೈ ಮೇಲು.

ಆದರೂ 2014ರ ಮೇ ತಿಂಗಳಲ್ಲಿ ಮೆಟ್ಸ್ ಅವನನ್ನು ಕರೆಸಿಕೊಂಡಾಗ ಯಾರೂ ಡೋಲು ಬಾರಿಸಲಿಲ್ಲ. ಜೊತೆಗೇ ಬಂದ ರಫಾಯೆಲ್ ಮೊಂಟೆರೊ ಬಗ್ಗೆಯೇ ಎಲ್ಲರ ಮಾತು. ಡಿಗ್ರಾಮ್‌ನನ್ನು ಪಂದ್ಯದ ನಡುವೆ ಬದಲಿಯಾಗಿ ಎಸೆಯಲು ಕೂರಿಸುವ ಯೋಚನೆಯಿತ್ತು. ಅಷ್ಟರಲ್ಲಿ ಡಿಲನ್ ಗೀ ಎಂಬ ಪಿಚರ್‌ಗೆ ಗಾಯವಾಗಿ ಜಾಗ ಖಾಲಿಯಾಯಿತು. ನಿಮ್ಮ "ಯಾಕಷ್ಟು ವರ್ಷ" ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ತಯಾರಾದರೆ ಸಾಲದು, ಮೇಲೆ ಒಂದು ಕುರ್ಚಿ ತೆರವಾಗಬೇಕು, ಅದೂ ಬಹಳ ಸಲ ಇನ್ನೊಬ್ಬನ ನೋವಿನಿಂದ.

ಮೇ 15, ಸಿಟಿ ಫೀಲ್ಡ್, ಎದುರಾಳಿ ಅದೇ ಊರಿನ ಯಾಂಕೀಸ್. ನಾನು ಟೀವಿಯಲ್ಲಿ ನೋಡಿದೆ. ಉದ್ದ ಕೂದಲು, ಸಣಕಲು ಮೈ, ವಯಸ್ಸು 25. ಏಳು ಇನ್ನಿಂಗ್ಸ್, ನಾಲ್ಕು ಹಿಟ್ (ಬ್ಯಾಟರ್ ಬೇಸ್ ತಲುಪುವಂತೆ ಹೊಡೆದ ಹೊಡೆತ), ಆರು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್), ಬಿಟ್ಟುಕೊಟ್ಟದ್ದು ಒಂದೇ ರನ್. ಮೆಟ್ಸ್ ಸೋತದ್ದು 1-0. ಇಲ್ಲಿ ಸೋಲು ಗೆಲುವನ್ನು ಪಿಚರ್ ಹೆಸರಿಗೇ ಬರೆಯುತ್ತಾರೆ, ಹಾಗಾಗಿ ಮೊದಲ ಪಂದ್ಯದಲ್ಲೇ ಅವನ ಖಾತೆಗೆ ಸೋಲು. (ಮುಂದೆ ಇದು ಚಾಳಿಯೇ ಆಯಿತು. ಇವನು ಅಮೃತದಂತೆ ಎಸೆಯೋದು, ತಂಡ ರನ್ ಹೊಡೆಯದೆ ಕೂರೋದು. ಮೆಟ್ಸ್ ಅಭಿಮಾನಿಯ ಹಣೆಬರಹ.) ಆಗಿನ್ನೂ ನ್ಯಾಷನಲ್ ಲೀಗ್‌ನಲ್ಲಿ, ಅಂದರೆ ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಮೆಟ್ಸ್ ಇರುವ ಭಾಗದಲ್ಲಿ, ಪಿಚರ್‌ಗಳೂ ಬ್ಯಾಟ್ ಹಿಡಿಯಬೇಕಿತ್ತು. ಆ ವರ್ಷ ಮೆಟ್ಸ್ ಪಿಚರ್‌ಗಳು 64 ಸಲ ಪ್ರಯತ್ನಿಸಿ ಒಂದೂ ಹಿಟ್ ಗಳಿಸಿರಲಿಲ್ಲ. ಆ ಬರ ಮುರಿದದ್ದು ಅವತ್ತು ಈ ಹಳೇ ಶಾರ್ಟ್‌ಸ್ಟಾಪ್. ಸಿಂಗಲ್ ಹೊಡೆದು ಮೊದಲನೇ ಬೇಸ್‌ನಲ್ಲಿ ನಿಂತಾಗ ಜನ ಎದ್ದು ಕೂಗಿದ ರೀತಿ ನೋಡಿದ್ದರೆ ಸಿಕ್ಸರ್ ಅಂದುಕೊಳ್ಳುತ್ತಿದ್ದಿರಿ.

ಮೊದಲ ಗೆಲುವಿಗೆ ಜೂನ್‌ವರೆಗೆ ಕಾಯಬೇಕಾಯಿತು. ಸೀಸನ್ ಮುಗಿದಾಗ ಒಂಬತ್ತು ಗೆಲುವು, ಆರು ಸೋಲು, ಬಿಟ್ಟುಕೊಟ್ಟದ್ದು ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 2.69 ರನ್, ನ್ಯಾಷನಲ್ ಲೀಗ್‌ನ ವರ್ಷದ ಹೊಸ ಆಟಗಾರ ಪ್ರಶಸ್ತಿ. ಸೈ ಯಂಗ್ ಬಂದದ್ದು ಇನ್ನೂ ನಾಲ್ಕು ವರ್ಷದ ಮೇಲೆ, 2018ರಲ್ಲಿ, ಮರುವರ್ಷ ಮತ್ತೊಮ್ಮೆ. ಅದು ಬೇರೆ ಕಥೆ.

ನನಗೆ ಮಾತ್ರ ಆ ಮೊದಲ ವರ್ಷದ ಸೆಪ್ಟೆಂಬರ್ 15 ಸಾಕು. ಮಯಾಮಿ ಮಾರ್ಲಿನ್ಸ್ ಬಂದಿದ್ದರು. ಮೊದಲ ಬ್ಯಾಟರ್ ಸ್ಟ್ರೈಕ್‌ಔಟ್. ಎರಡನೆಯವನು, ಮೂರನೆಯವನು. ಮುಂದಿನ ಇನ್ನಿಂಗ್ಸ್‌ನ ಮೂವರೂ ಹಾಗೇ. ಏಳು, ಎಂಟು. ಪಂದ್ಯದ ಆರಂಭದಿಂದ ಸತತ ಎಂಟು ಸ್ಟ್ರೈಕ್‌ಔಟ್, 1986ರಲ್ಲಿ ಜಿಮ್ ಡೆಶೇಸ್ ಎಂಬ ಪಿಚರ್ ಮಾಡಿದ ಆಧುನಿಕ ಕಾಲದ ದಾಖಲೆಗೆ ಸಮ. ಇನ್ನೊಂದು ಸಿಕ್ಕರೆ ಆ ದಾಖಲೆ ಇವನದೇ. ಒಂಬತ್ತನೆಯವನಾಗಿ ಬ್ಯಾಟ್ ಹಿಡಿದು ಬಂದವನು ಮಾರ್ಲಿನ್ಸ್ ಪಿಚರ್ ಜ್ಯಾರೆಡ್ ಕೊಸಾರ್ಟ್. ಪಿಚರ್ ತಾನೇ, ಇವನಿಗೇನು ಬ್ಯಾಟಿಂಗ್ ಬರುತ್ತದೆ ಅಂದುಕೊಂಡು ನಾನು ಸೋಫಾದಿಂದ ಎದ್ದೇ ನಿಂತಿದ್ದೆ.

ಅವನು ಸಿಂಗಲ್ ಹೊಡೆದ.