ಡೌನ್‌ಪೈಪ್ ಫ್ಲ್ಯಾಂಜ್ ಹತ್ರ ಲೀಕ್: ಪೇಸ್ಟ್ ಹಚ್ಚೋದಾ, ನಟ್ ಇನ್ನೂ ಟೈಟ್ ಮಾಡೋದಾ?

ಎರಡೂ ಬೇಡ. ಡೌನ್‌ಪೈಪ್ ಅಂದ್ರೆ ಇಂಜಿನ್ನಿನ ಮ್ಯಾನಿಫೋಲ್ಡ್‌ನಿಂದ (ಸಿಲಿಂಡರ್‌ಗಳ ಹೊಗೆ ಒಂದಾಗೋ ಭಾಗ) ಹೊಗೆ ಕೆಳಗೆ ಒಯ್ಯೋ ಪೈಪ್, ಅದನ್ನ ಬೋಲ್ಟ್ ಮಾಡೋ ಚಪ್ಪಟೆ ತುದೀನೇ ಫ್ಲ್ಯಾಂಜ್, ನಡುವೆ ಸಂದು ಮುಚ್ಚೋ ಪದರ ಗ್ಯಾಸ್ಕೆಟ್. ಹೊಸ ಗ್ಯಾಸ್ಕೆಟ್ ಹಾಕಿದ್ರೂ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ಟಿಕ್ ಟಿಕ್ ಅನ್ನುತ್ತೆ, ಬಿಸಿ ಆದ್ಮೇಲೆ ಕಮ್ಮಿ ಆಗುತ್ತೆ ಅಂತ ಬರ್ದಿದ್ದೀರಲ್ಲ, ನನ್ನ ಹಳೇ ಕಾರು ಥೇಟ್ ಹಿಂಗೇ ಮಾಡ್ತಿತ್ತು. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಕೊಳ್ಳುತ್ತೆ ಅಷ್ಟೇ. ನಾನು ಮೊದ್ಲು ಟ್ಯಾಪೆಟ್ (ಇಂಜಿನ್ ವಾಲ್ವ್ ತೆರೆಯೋ ಭಾಗ) ಸದ್ದು ಅನ್ಕೊಂಡು ಸುಮ್ನಿದ್ದೆ, ಆಮೇಲೆ ಹೀಟ್ ಶೀಲ್ಡ್ (ಬಿಸಿ ತಡೆಯೋ ತಗಡು) ಬಿಚ್ಚಿ ನೋಡಿದ್ರೆ ಫ್ಲ್ಯಾಂಜ್‌ನ ಒಂದು ಬದಿಗೆ ಕಪ್ಪು ಮಸಿ.

ಮಸಿ ಕಂಡಿದ್ದೇ ತಡ, ಉದ್ದ ಹಿಡಿ ಇರೋ ಸ್ಪ್ಯಾನರ್ ತಗೊಂಡು ಆ ಬದಿ ನಟ್ ಬಿಗಿದೆ. ಸದ್ದು ತಗ್ತು, ಸ್ವಲ್ಪ ದಿನಕ್ಕೆ ವಾಪಸ್ ಬಂತು, ಮತ್ತೆ ಬಿಗಿದೆ. ನಾನು ಕೆಟ್ಟಿದ್ದು ಇಲ್ಲೇ, ಬಿಡಿಸಿ ಹೇಳ್ತೀನಿ ಕೇಳಿ. ನಂದು ಎರಡು ಬೋಲ್ಟಿನ ಫ್ಲ್ಯಾಂಜ್, ನಟ್ ಕೂರೋದು ಎರಡು ಕಿವಿಗಳ ಮೇಲೆ, ಗ್ಯಾಸ್ಕೆಟ್ ಇರೋದು ನಡುವೆ. ಹದ ಮೀರಿ ಬಿಗಿದ್ರೆ ಕಿವಿಗಳು ಮುಂದಕ್ಕೆ ಬಾಗಿ ನಡುಭಾಗ ಬಿಲ್ಲಿನ ಥರ ಹಿಂದಕ್ಕೆ ಹೋಗುತ್ತೆ, ಅಂದ್ರೆ ಒತ್ತಡ ಎಲ್ಲಿ ಬೇಕೋ ಅಲ್ಲೇ ಇರಲ್ಲ. ಸಾಲ್ದು ಅಂತ ನಾನು ಒಂದೇ ಬದಿ ಬಿಗಿದಿದ್ದೆ, ಅದು ಓರೆಯಾಗಿ ಕೂತು ಆ ಕಡೆ ಗ್ಯಾಸ್ಕೆಟ್ ಜಜ್ಜಿಹೋಗಿ ಎದುರು ಕಡೆ ಬಾಯಿ ಬಿಟ್ಟಿತ್ತು. ಜಜ್ಜಿದ ಗ್ಯಾಸ್ಕೆಟ್ ಮತ್ತೆ ಉಬ್ಬಲ್ಲ, ಅದಕ್ಕೇ ಪ್ರತಿ ಸಲ ಇನ್ನೂ ಜಾಸ್ತಿ ಬಿಗೀಬೇಕು ಅನ್ಸೋದು. ಕೊನೆಗೆ ತುಕ್ಕು ಹಿಡಿದ ಸ್ಟಡ್ (ನಟ್ ಕೂರೋ, ತಲೆ ಇಲ್ಲದ ಬೋಲ್ಟ್) ಮ್ಯಾನಿಫೋಲ್ಡ್ ಒಳಗೇ ಕಟ್ ಆಯ್ತು. ಮ್ಯಾನಿಫೋಲ್ಡ್ ಇಳಿಸಿ, ಮುರಿದ ತುಂಡಿಗೆ ನಟ್ ವೆಲ್ಡ್ ಮಾಡಿಸಿ ತಿರುಗಿಸಿ ತೆಗೆಸ್ಬೇಕಾಯ್ತು, ಗ್ಯಾಸ್ಕೆಟ್ ಖರ್ಚು ಅದರ ಮುಂದೆ ಏನೂ ಅಲ್ಲ.

ತಮಾಷೆ ಅಂದ್ರೆ, ಪೈಪ್ ಬಿಚ್ಚಿದ ಕೂಡ್ಲೇ ಅದು ಪಕ್ಕಕ್ಕೆ ಜರುಗಿ ನಿಂತ್ಕೊಂಡ್ತು. ಸೈಲೆನ್ಸರ್ ಹ್ಯಾಂಗರ್ ರಬ್ಬರ್ ಹರಿದಿತ್ತು, ಇಂಜಿನ್ ಹೊತ್ತಿರೋ ಮೌಂಟಿಂಗೂ ಕುಸಿದಿತ್ತು, ಇಂಜಿನ್ ಅಲ್ಲಾಡಿದಾಗೆಲ್ಲ ಪೈಪಿನ ಭಾರ ಪೂರ್ತಿ ಆ ಜಾಯಿಂಟ್ ಮೇಲೇ ಬೀಳ್ತಿತ್ತು. ಅದಕ್ಕೇ ನಿಮ್ಮ ಪ್ರಶ್ನೇನೇ ಸರಿ ಇಲ್ಲ ಅಂತೀನಿ, ಮೊದ್ಲು ಇವೆರಡು ನೋಡಿ.

ಸಂದು ಮುಚ್ಚೋ ಪೇಸ್ಟ್ ಅಂತೀರಾ, ಅದು ಕಾರಿನ ಹಿಂಭಾಗದಲ್ಲಿ ಸೈಲೆನ್ಸರ್ ಹತ್ರ ಪೈಪಿನೊಳಗೆ ಪೈಪ್ ತೂರೋ ಜಾಗಕ್ಕೆ ಪರವಾಗಿಲ್ಲ. ಇಲ್ಲಿ ಆ ಬಿಸಿಗೆ, ಅಲ್ಲಾಟಕ್ಕೆ ಬಿರುಕು ಬಿಟ್ಟು ಉದುರುತ್ತೆ. ಕೈಗೆ ಸಿಕ್ಕ ಸಿಲಿಕಾನ್ ಹಚ್ಚೋರೂ ಇದ್ದಾರೆ ಬಿಡಿ, ಅದರ ಹೊಗೆಗೆ ಆಕ್ಸಿಜನ್ ಸೆನ್ಸರ್ರೇ (ಹೊಗೆಯಲ್ಲಿರೋ ಆಮ್ಲಜನಕ ಅಳೆಯೋದು) ಹಾಳಾಗ್ಬೋದು.

ಹಿಂದಿನ ಸಲ ಗ್ಯಾಸ್ಕೆಟ್ ಹಾಕುವಾಗ ಫ್ಲ್ಯಾಂಜ್ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದ್ರಾ? ನೋಡಿರಲ್ಲ. ಅಡ್ಡ, ಉದ್ದ, ಓರೆ, ಎಲ್ಲಾ ಕಡೆ ಇಟ್ಟು ಅಡಿಗೆ ಬೆಳಕು ಬರುತ್ತಾ ನೋಡಿ, ಬಂದ್ರೆ ಫೈಲ್ ಹಾಕಿ ಸಮ ಮಾಡಿ ಇಲ್ಲಾ ಮೆಷಿನ್ ಶಾಪಲ್ಲಿ ಫೇಸಿಂಗ್ (ಮೇಲ್ಮೈ ಹೆರೆದು ಸಮ ಮಾಡೋದು) ಮಾಡಿಸಿ. ಸ್ಟಡ್‌ಗೆ ಹಿಂದಿನ ದಿನವೇ ತುಕ್ಕು ಬಿಡಿಸೋ ಎಣ್ಣೆ ಬಿಡಿ, ನಟ್ ಬಿಗಿ ಅನ್ಸಿದ್ರೆ ಜೋರು ಮಾಡ್ದೆ ಹಿಂದೆ ಮುಂದೆ ಆಡಿಸ್ತಾ ತೆಗೀರಿ. ಜೋಡಿಸುವಾಗ ಹಿಂದಿನ ಜಾಯಿಂಟ್‌ಗಳನ್ನ ಸಡಿಲ ಬಿಟ್ಟು, ಫ್ಲ್ಯಾಂಜ್ ಕೈಯಲ್ಲೇ ನೇರ ಕೂರುತ್ತಾ ನೋಡಿ ಆಮೇಲೆ ಹೊಸ ನಟ್ ಹಾಕಿ, ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ಅಂತ ಬಿಗೀರಿ, ಮ್ಯಾನುಯಲ್‌ನಲ್ಲಿರೋ ಟಾರ್ಕ್ (ಬಿಗಿತದ ಅಳತೆ) ಬಂದ್ರೆ ನಿಲ್ಸಿ. ಬೋಲ್ಟಿಗೆ ಸ್ಪ್ರಿಂಗ್ ಇದ್ರೆ ಅದು ಅಲ್ಲಾಡೋಕೇ ಮಾಡಿರೋ ಜಾಯಿಂಟ್, ಸ್ಪ್ರಿಂಗ್ ತೆಗ್ದು ಮಾಮೂಲಿ ಬೋಲ್ಟ್ ಹಾಕ್ಬೇಡಿ.

ತಿಂಗಳುಗಟ್ಟಲೆ ಮುಂದೂಡೋದೂ ಬೇಡ. ಆಕ್ಸಿಜನ್ ಸೆನ್ಸರ್ ಫ್ಲ್ಯಾಂಜ್ ಆದ್ಮೇಲಿದ್ರೆ ಆ ಸಂದಿಂದ ಹೊರಗಿನ ಗಾಳಿ ಒಳಗೆ ಎಳ್ಕೊಂಡು ಇಸಿಯುಗೆ (ಇಂಜಿನ್ ನಡೆಸೋ ಕಂಪ್ಯೂಟರ್) ಪೆಟ್ರೋಲ್ ಕಮ್ಮಿ ಆಯ್ತು ಅನ್ಸುತ್ತೆ, ಅದು ಸುಮ್ಸುಮ್ನೆ ಜಾಸ್ತಿ ಸುರಿಯುತ್ತೆ. ಇನ್ನು ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಾನೆಟ್ ಕೆಳಗಿನ ಹೊಗೆ ಬ್ಲೋವರ್ ಮೂಲಕ ಕ್ಯಾಬಿನ್‌ಗೆ ಬರ್ಬೋದು. ರಿಪೇರಿ ಆಗೋ ತನಕ ಮುಚ್ಚಿದ ಜಾಗದಲ್ಲಿ ಇಂಜಿನ್ ಓಡಿಸ್ಬೇಡಿ, ಒಳಗೆ ಕೂತಾಗ ತಲೆನೋವು ಬಂದ್ರೆ ಕಾರು ತೆಗೀಲೇಬೇಡಿ.