ಬೇಡದ ಇ-ಮೇಲ್ ಕಳಿಸಿದವರಿಗೆ ಶಿಕ್ಷೆ ಇದೆಯೇ?

ಪ್ರಶ್ನೆ: ಸಾಲ, ಲಾಟರಿ, ಕೆಲಸದ ಆಮಿಷ ಅಂತ ದಿನಾ ಹತ್ತಾರು ಇ-ಮೇಲ್ ಬಂದು ಬೀಳುತ್ತವೆ. ಕಳಿಸಿದವರ ಮೇಲೆ ಕೇಸು ಹಾಕಬಹುದೇ? – ಓದುಗರೊಬ್ಬರು, ದಾವಣಗೆರೆ

ಉತ್ತರ: ಬರೀ ಜಾಹೀರಾತಿನ ಮೇಲ್ ಕಳಿಸಿದ್ದಕ್ಕೆ ನಮ್ಮಲ್ಲಿ ಜೈಲು ಇಲ್ಲ, ಅದಕ್ಕೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಲ್ಲಿ ಕಿರಿಕಿರಿ ಮಾಡಲೆಂದು ಕಳಿಸಿದ ಮೇಲ್‌ಗೂ 3 ವರ್ಷದವರೆಗೆ ಸಜೆ ಇತ್ತು. ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅದನ್ನು ರದ್ದು ಮಾಡಿತು. ತೀರ್ಪು ಸರಿಯಾದದ್ದೇ. ಆದರೆ ಸ್ಪ್ಯಾಮ್‌ಗೆ, ಅಂದರೆ ಇಂಥ ಬೇಡದ ಮೇಲ್‌ಗಳಿಗೆ, ಬೇರೆ ಕಾನೂನು ತರಬೇಕಿತ್ತು, ತಂದಿಲ್ಲ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ದೂರು ಸಂಖ್ಯೆ 1909 ಕೂಡ ಬೇಡದ ಕರೆ, ಎಸ್ಸೆಮ್ಮೆಸ್‌ಗಷ್ಟೇ.

ಮೋಸ ಬೆರೆತರೆ ಮಾತು ಬೇರೆ. ಬ್ಯಾಂಕಿನ ಸೋಗು ಹಾಕಿ ವಂಚಿಸಿದರೆ 66ಡಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ನಿಮ್ಮ ಪಾಸ್‌ವರ್ಡ್ ಕದ್ದು ಬಳಸಿದರೆ 66ಸಿ, ಶಿಕ್ಷೆ ಅಷ್ಟೇ. ವೈರಸ್ ಕಳಿಸಿ ಕಂಪ್ಯೂಟರ್ ಕೆಡಿಸಿದರೆ ದಂಡ 5 ಲಕ್ಷದವರೆಗೂ ಹೋಗುತ್ತದೆ.

ದೂರು ಬಿದ್ದುಹೋಗುವುದು ಹೆಚ್ಚಾಗಿ ಸಾಕ್ಷ್ಯ ಕೈಗೆ ಸಿಗದೆ. ಸ್ಕ್ರೀನ್‌ಶಾಟ್ ತೆಗೆದು ಮೇಲ್ ಅಳಿಸಿಬಿಡುತ್ತಾರೆ. ಕಳಿಸಿದವರ ಹೆಸರು, ವಿಳಾಸವನ್ನು ಯಾರು ಬೇಕಾದರೂ ಸುಳ್ಳಾಗಿ ಹಾಕಬಹುದು. ಮೇಲ್ ಬಂದ ದಾರಿ ಇರುವುದು ಹೆಡರ್‌ನಲ್ಲಿ, ಅಂದರೆ ಮೇಲ್ ಜೊತೆ ಬರುವ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ವಿವರದ ಸಾಲುಗಳಲ್ಲಿ. ಮಾಮೂಲಿಯಾಗಿ ಫಾರ್ವರ್ಡ್ ಮಾಡಿದರೆ ಅದು ಉಳಿಯುವುದಿಲ್ಲ. ಜಿಮೇಲನ್ನು ಕಂಪ್ಯೂಟರಿನಲ್ಲಿ ತೆರೆದು, ಆ ಮೇಲ್‌ನ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ಗೆ ಹೋಗಿ ಮೂಲ ಪ್ರತಿಯನ್ನು ಡೌನ್‌ಲೋಡ್ ಮಾಡಿ. ಮೊಬೈಲ್ ಆ್ಯಪ್‌ನಲ್ಲಿ ಈ ಸೌಲಭ್ಯವಿಲ್ಲ. ಮೇಲ್ ಹಾದುಬಂದ ಸರ್ವರ್‌ಗಳು ಹೆಡರ್‌ಗೆ ಸೇರಿಸುವ ‘ರಿಸೀವ್ಡ್’ ಸಾಲುಗಳಲ್ಲಿ ಕೆಳಗಿನವನ್ನು ವಂಚಕರು ಸೃಷ್ಟಿಸಬಲ್ಲರು. ನಿಮ್ಮ ಮೇಲ್ ಸಂಸ್ಥೆಯೇ ಸೇರಿಸಿದ ಮೇಲಿನ ಸಾಲುಗಳನ್ನು ನಂಬಬಹುದು. ಆ ಫೈಲ್ ಸಮೇತ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಿ. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಉಳಿದದ್ದೆಲ್ಲ ಆಮೇಲೆ.

ಪ್ರಶ್ನೆ: ಅಮೆರಿಕದ ಗ್ರಾಹಕರಿಗೆ ಸೀರೆ ಮಾರುತ್ತೇವೆ. ನಾವು ಕಳಿಸುವ ಜಾಹೀರಾತು ಮೇಲ್‌ಗೆ ಅಲ್ಲಿ ದಂಡ ಬೀಳುತ್ತದೆಯೇ? – ಓದುಗರೊಬ್ಬರು, ಇಳಕಲ್

ಉತ್ತರ: ನಿಯಮ ಮುರಿದರೆ ಬೀಳಬಹುದು. ಅಲ್ಲಿ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಇದೆ. ಮೊದಲೇ ಒಪ್ಪಿಗೆ ಪಡೆಯಬೇಕೆಂದು ಅದು ಹೇಳುವುದಿಲ್ಲ. ಆದರೆ ಸಬ್ಜೆಕ್ಟ್ ಸಾಲು ದಾರಿ ತಪ್ಪಿಸುವಂತಿರಬಾರದು, ನಿಮ್ಮ ಅಂಚೆ ವಿಳಾಸ ಇರಲೇಬೇಕು, ‘ಬೇಡ’ ಎಂದವರನ್ನು 10 ಕೆಲಸದ ದಿನಗಳೊಳಗೆ ಪಟ್ಟಿಯಿಂದ ತೆಗೆಯಬೇಕು. ದಂಡದ ಲೆಕ್ಕ ಒಂದೊಂದು ಮೇಲ್‌ಗೂ ಬೇರೆ ಬೇರೆ. ಗರಿಷ್ಠ ಮಿತಿ ತಲಾ 50 ಸಾವಿರ ಡಾಲರ್ ದಾಟುತ್ತದೆ. ಸಾಮಾನ್ಯವಾಗಿ ಎಡವುವುದು ಹಳೇ ಎಕ್ಸೆಲ್ ಪಟ್ಟಿಯನ್ನು ಮತ್ತೆ ಅಪ್‌ಲೋಡ್ ಮಾಡಿದಾಗ: ಬೇಡವೆಂದವರೆಲ್ಲ ವಾಪಸ್ ಸೇರಿಬಿಡುತ್ತಾರೆ. ಅವರ ವಿಳಾಸಗಳನ್ನು ಬೇರೆ ಪಟ್ಟಿಯಲ್ಲಿಟ್ಟು, ಪ್ರತಿ ಸಲ ಕಳಿಸುವ ಮುಂಚೆ ತಾಳೆ ನೋಡಿ.